ಬಾಲಾಪರಾಧದ ಕಾರಣಗಳು: ಕೆಲವು ದೇಶಗಳ ಅನುಭವ

ಕಳೆದ ವರ್ಷದ ಮಳೆಗಾಲದಲ್ಲಿ ನಾವು ಪಾಠ ಹೇಳುವ ಒಂಬತ್ತನೆಯ ತರಗತಿಯಲ್ಲಿ ಒಂದು ಕೈಗಡಿಯಾರವು ಕಾಣೆಯಾಯಿತು. ಅದನ್ನು ಕಳೆದುಕೊಂಡ ವಿದ್ಯಾರ್ಥಿಯು ಅಳುಮೋರೆ ಹಾಕಿಕೊಂಡು ನಮ್ಮ ಮುಂದೆ ಬಂದು ನಿಂತನು. ತರಗತಿಯಲ್ಲಿ ಮೂವತ್ತೊಂದು ಚೀಲಗಳಿದ್ದವು. ಅವುಗಳಲ್ಲಿ ನಾವು ಮೊಟ್ಟಮೊದಲು ತೆರೆಸಿ ನೋಡಿದ್ದು ಹಿಂದಿನ ಬೆಂಚಿನ ಒಬ್ಬ ಹುಡುಗನ ಚೀಲವನ್ನು. ಅವನದನ್ನೇ ಏಕೆ ಎಂದು ಯಾರೂ ಕೇಳಲಿಲ್ಲ. ಕಾರಣವು ಎಲ್ಲರಿಗೂ ತಿಳಿದಂತೆಯೇ ಇತ್ತು. ಆತನ ಮನೆಯಿರುವುದು ರೈಲುಹಳಿಯ ಬದಿಯ ಝೋಪಡಪಟ್ಟಿಯಲ್ಲಿ. ತಂದೆಯಿಲ್ಲ. ಅಣ್ಣನನ್ನು ಒಮ್ಮೆ ಪೋಲೀಸರು ಹಿಡಿದೊಯ್ದಿದ್ದರು. ಚೀಲದಲ್ಲಿ ಎರಡು ನೋಟುಪುಸ್ತಕಗಳೂ ಒಂದು ಒದ್ದೆಯಾದ ಟವಲೂ ಕಾಗದದಲ್ಲಿ ಸುತ್ತಿದ ಅರ್ಧ ವಡಾಪಾವೂ ಇದ್ದವು. ಕೈಗಡಿಯಾರವು ಮರುದಿನ ಪ್ರಯೋಗಶಾಲೆಯ ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ದೊರೆಯಿತು. ಅದರ ಒಡೆಯನೇ ಕೈ ತೊಳೆಯುವಾಗ ಕಳಚಿಟ್ಟು ಮರೆತು ಬಂದಿದ್ದನು.

ಆ ಹುಡುಗನು ನಾಲ್ಕು ದಿನ ಶಾಲೆಗೆ ಬರಲಿಲ್ಲ. ನಾವು ನಮ್ಮ ಮನಸ್ಸಿಗೆ ಏನೇನೋ ಸಮಾಧಾನ ಹೇಳಿಕೊಳ್ಳಲು ನೋಡಿದೆವು. ಬಡತನ, ತಂದೆಯ ನೋಟವಿಲ್ಲದಿರುವುದು, ಮನೆಯಲ್ಲಿ ಮತ್ತೊಬ್ಬನು ಅಪರಾಧದಲ್ಲಿ ಸಿಕ್ಕಿಬಿದ್ದಿರುವುದು, ಇವು ಬಾಲಾಪರಾಧದ ಕಾರಣಗಳೆಂದು ದೊಡ್ಡ ವಿದ್ವಾಂಸರೇ ಬರೆದಿರುವರಲ್ಲವೆ? ಹಾಗಾದರೆ ನಾವು ಮಾಡಿದುದರಲ್ಲಿ ತಪ್ಪೆಲ್ಲಿ? ಆ ವಿದ್ವಾಂಸರು ನಿಜವಾಗಿ ಏನು ಬರೆದಿದ್ದಾರೆಂಬುದನ್ನು ಹುಡುಕಿ ಓದತೊಡಗಿದುದು ಈ ಪ್ರಶ್ನೆಯಿಂದಲೇ. ಓದಿ ತಿಳಿದುದರಲ್ಲಿ ಕೆಲವನ್ನು ನಮ್ಮ ವಿದ್ಯಾರ್ಥಿಗಳ ಮುಂದಿಡುತ್ತೇವೆ. ಆ ಹುಡುಗನ ಮತ್ತು ಅವನ ತಾಯಿಯ ಒಪ್ಪಿಗೆಯನ್ನು ಪಡೆದೇ ಈ ಸಂಗತಿಯನ್ನು ಬರೆದಿದ್ದೇವೆ. ಗುರುತು ಹತ್ತದಿರಲೆಂದು ಒಂದೆರಡು ವಿವರಗಳನ್ನು ಬದಲಿಸಿದ್ದೇವೆ.

ಬಾಲಾಪರಾಧವೆಂಬ ಮಾತಿನ ಅರ್ಥವು ಮೇಲ್ನೋಟಕ್ಕೆ ಕಾಣುವಷ್ಟು ಸರಳವಾದುದಲ್ಲ. ನಮ್ಮ ದೇಶದಲ್ಲಿ ಏಳು ವರ್ಷ ತುಂಬದ ಮಗುವು ಏನನ್ನು ಮಾಡಿದರೂ ಅದು ಅಪರಾಧವೆನಿಸದು. 18 ವರ್ಷ ತುಂಬದವರ ವಿಚಾರಣೆಯು 2015ರ ಬಾಲನ್ಯಾಯ ಕಾಯಿದೆಗೆ ಒಳಪಟ್ಟಿದೆ. ಘೋರವಾದ ಅಪರಾಧಗಳಲ್ಲಿ 16 ದಾಟಿದವರಿಗೆ ಮಾತ್ರ ಬೇರೆ ನಿಯಮವುಂಟು. ಆ ಕಾಯಿದೆಯಲ್ಲಿ 'ಬಾಲಾಪರಾಧಿ' ಎಂಬ ಹೆಸರನ್ನೇ ಬಿಟ್ಟು, 'ಕಾನೂನಿನೊಡನೆ ಸಂಘರ್ಷಕ್ಕೆ ಬಂದ ಮಗು' ಎಂದು ಕರೆದಿದ್ದಾರೆ. ಇಂಗ್ಲೆಂಡಿನಲ್ಲಿ ಹತ್ತು ವರ್ಷದ ಮಗುವನ್ನು ನ್ಯಾಯಾಲಯದ ಮುಂದೆ ನಿಲ್ಲಿಸಬಹುದು. ಜರ್ಮನಿಯಲ್ಲಿ ಹದಿನಾಲ್ಕು ತುಂಬಿರಬೇಕು. ಎಂದಮೇಲೆ ಹನ್ನೆರಡು ವರ್ಷದ ಹುಡುಗನೊಬ್ಬನು ಅಂಗಡಿಯಿಂದ ಚಾಕೋಲೇಟು ಕದ್ದರೆ ಲಂಡನ್ನಿನಲ್ಲಿ ಅದು ಅಪರಾಧ, ಬರ್ಲಿನ್ನಿನಲ್ಲಿ ಅಲ್ಲ. ಆದುದರಿಂದ ಪೋಲೀಸರ ಲೆಕ್ಕಗಳನ್ನು ಅಕ್ಕಪಕ್ಕದಲ್ಲಿಟ್ಟು ಇಂಥ ದೇಶದ ಮಕ್ಕಳು ಕೆಟ್ಟವರು, ಇಂಥ ದೇಶದವರು ಒಳ್ಳೆಯವರು ಎಂದು ತೀರ್ಮಾನಿಸುವುದು ಅವಿವೇಕ. ಈ ತೊಡಕನ್ನು ಕಂಡೇ ಕೆಲವರು ಮಕ್ಕಳನ್ನೇ ಗುಟ್ಟಾಗಿ ಕೇಳುವ ಕ್ರಮವನ್ನು ಹಿಡಿದರು. 2005ರಿಂದ 2007ರವರೆಗೆ ಸುಮಾರು ಮೂವತ್ತು ದೇಶಗಳಲ್ಲಿ ಏಳನೆಯ, ಎಂಟನೆಯ, ಒಂಬತ್ತನೆಯ ತರಗತಿಗಳ ಮಕ್ಕಳ ಕೈಗೆ ಒಂದೇ ಬಗೆಯ ಪ್ರಶ್ನೆಪತ್ರಿಕೆಯನ್ನು ಕೊಟ್ಟು, ಹೆಸರು ಬರೆಯಿಸದೆ ಉತ್ತರವನ್ನು ಪಡೆದರು. ಸಣ್ಣಪುಟ್ಟ ತಪ್ಪುಗಳನ್ನು ಒಪ್ಪಿಕೊಂಡ ಮಕ್ಕಳು ಪ್ರತಿಯೊಂದು ದೇಶದಲ್ಲಿಯೂ ಇದ್ದರು; ಅವರೆಲ್ಲರೂ ಝೋಪಡಿಗಳಿಂದ ಬಂದವರೇನೂ ಆಗಿರಲಿಲ್ಲ.

ಇನ್ನೊಂದು ಮಾತು. ವಿದ್ವಾಂಸರು 'ಕಾರಣ' ಎನ್ನುವುದಕ್ಕಿಂತ 'ಅಪಾಯಸೂಚಕ' ಎನ್ನುವುದನ್ನೇ ಹೆಚ್ಚಾಗಿ ಬಳಸುತ್ತಾರೆ. ಭೇದವನ್ನು ತಿಳಿಯಲು ನಮ್ಮ ಮುಂಬಯಿಯ ಮಳೆಗಾಲವನ್ನೇ ನೆನೆಯಿರಿ. ಬರೀ ಮಳೆ ಬಂದರೆ ಕುರ್ಲಾ-ಸಾಯನ್ ನಡುವಣ ಹಳಿಗಳು ಎಷ್ಟೋ ಸಲ ಮುಳುಗುವುದಿಲ್ಲ. ಬರೀ ಸಮುದ್ರ ಉಕ್ಕಿದರೂ ಮುಳುಗುವುದಿಲ್ಲ. ಭಾರೀ ಮಳೆಯೂ ಕಡಲಿನ ಭರತವೂ ಒಂದೇ ಹೊತ್ತಿಗೆ ಕೂಡಿ, ಗಟಾರಗಳೂ ಕಟ್ಟಿಕೊಂಡಿದ್ದರೆ ನೀರು ನಿಲ್ಲುತ್ತದೆ, ಗಾಡಿ ನಿಲ್ಲುತ್ತದೆ. ಆಗ ಮಳೆಯೇ ಕಾರಣವೆನ್ನಬೇಕೆ, ಭರತವೆನ್ನಬೇಕೆ, ಗಟಾರವೆನ್ನಬೇಕೆ? ಮೂರೂ ಅಪಾಯದ ಸೂಚಕಗಳು. ಮೂರೂ ಕೂಡಿದಾಗ ಅಪಾಯವು ಹೆಚ್ಚು. ಹೀಗಿದ್ದೂ ಮೂರೂ ಕೂಡಿದ ದಿನವೂ ಒಮ್ಮೊಮ್ಮೆ ಗಾಡಿಗಳು ಓಡುತ್ತಿರುವುದನ್ನು ನಾವು ಕಂಡಿದ್ದೇವೆ.

ಈ ವಿಷಯದಲ್ಲಿ ನಮ್ಮ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದುದು ಅಮೆರಿಕದ ಷಿಕಾಗೋ ನಗರದಲ್ಲಿ ನಡೆದ ಕೆಲಸ. ಅದಕ್ಕೆ ಕಾರಣವನ್ನು ಓದುತ್ತ ಹೋದಂತೆ ನೀವೇ ಊಹಿಸುವಿರಿ. ಜಗತ್ತಿನ ಮೊತ್ತಮೊದಲನೆಯ ಬಾಲನ್ಯಾಯಾಲಯವು 1899ರಲ್ಲಿ ಸ್ಥಾಪಿತವಾದುದು ಆ ನಗರದಲ್ಲಿಯೇ. ಆ ಕಾಲದಲ್ಲಿ ಯೂರೋಪಿನ ನಾನಾ ದೇಶಗಳಿಂದ ಜನರು ಹೊಟ್ಟೆಪಾಡಿಗಾಗಿ ಅಲ್ಲಿಗೆ ಬಂದು ತುಂಬುತ್ತಿದ್ದರು. ಹೊಸದಾಗಿ ಬಂದವರಿಗೆ ಬಾಡಿಗೆ ಕಡಿಮೆಯಿರುವ ಜಾಗವೆಂದರೆ ನಗರದ ನಡುವಣ ಪೇಟೆಯ ಅಂಚಿನಲ್ಲಿ, ಕಾರ್ಖಾನೆಗಳ ಮತ್ತು ದನಗಳ ದೊಡ್ಡ ಕಸಾಯಿಖಾನೆಗಳ ಸುತ್ತಮುತ್ತ. ಬಾಲನ್ಯಾಯಾಲಯಕ್ಕೆ ಬಂದ ಹುಡುಗರಲ್ಲಿ ಬಹು ಮಂದಿ ಈ ಕೇರಿಗಳವರೇ. ಊರಿನ ಪ್ರತಿಷ್ಠಿತರಲ್ಲಿ ಅನೇಕರು ಇದಕ್ಕೊಂದು ಸುಲಭವಾದ ಅರ್ಥವನ್ನು ಹಚ್ಚಿದರು: ಆ ಹೊರಗಿನ ಜನರ ರಕ್ತವೇ ಅಂಥದು, ಅವರ ಜಾತಿಯೇ ಅಂಥದು!

ಕ್ಲಿಫರ್ಡ್ ಷಾ ಮತ್ತು ಹೆನ್ರಿ ಮೆಕೇ ಎಂಬಿಬ್ಬರು ಈ ಮಾತನ್ನು ಪರೀಕ್ಷಿಸಿದ ಬಗೆಯು ಶಾಲೆಯ ಹುಡುಗನಿಗೂ ತಿಳಿಯುವಂಥದು. ಅವರು ನಗರದ ನಕಾಶೆಯನ್ನು ಹರವಿ, ನ್ಯಾಯಾಲಯಕ್ಕೆ ಬಂದ ಒಬ್ಬೊಬ್ಬ ಹುಡುಗನ ಮನೆಯಿದ್ದೆಡೆಯಲ್ಲಿ ಒಂದೊಂದು ಚುಕ್ಕೆಯನ್ನಿಟ್ಟರು. 1900ರಿಂದ 1906ರವರೆಗೆ ಒಂದು, 1917ರಿಂದ 1923ರವರೆಗೆ ಒಂದು, 1927ರಿಂದ 1933ರವರೆಗೆ ಒಂದು, ಹೀಗೆ ಮೂರು ಕಾಲಗಳ ಲೆಕ್ಕವನ್ನು ತೆಗೆದರು. ಕೇವಲ ಚುಕ್ಕೆಗಳನ್ನೆಣಿಸದೆ, ಆ ಕೇರಿಯಲ್ಲಿದ್ದ ಒಟ್ಟು ಹುಡುಗರ ಸಂಖ್ಯೆಯೊಡನೆ ಹೋಲಿಸಿದರು. ಮೂರು ನಕಾಶೆಗಳಲ್ಲಿಯೂ ಪೇಟೆಯ ಅಂಚಿನ ಕೇರಿಗಳಲ್ಲಿ ಪ್ರಮಾಣವು ಅತ್ಯಧಿಕವಾಗಿಯೂ, ಹೊರಹೊರಗೆ ಹೋದಂತೆಲ್ಲ ಕಡಿಮೆಯಾಗಿಯೂ ಕಂಡಿತು. ಇದರಲ್ಲೇನೂ ವಿಶೇಷವಿಲ್ಲ. ವಿಶೇಷವಿರುವುದು ಮುಂದೆ. ಮೊದಲ ನಕಾಶೆಯ ಕಾಲದಲ್ಲಿ ಆ ಕೇರಿಗಳಲ್ಲಿದ್ದವರು ಹೆಚ್ಚಾಗಿ ಜರ್ಮನರು, ಐರಿಷರು, ಸ್ವೀಡನ್ ಮೊದಲಾದ ಉತ್ತರ ದೇಶಗಳವರು. ಕೊನೆಯ ನಕಾಶೆಯ ಕಾಲಕ್ಕೆ ಅವರೆಲ್ಲ ಬಿಟ್ಟುಹೋಗಿ, ಪೋಲೆಂಡಿನವರೂ ಇಟಲಿಯವರೂ, ಅಮೆರಿಕದ ದಕ್ಷಿಣ ಭಾಗದಿಂದ ಬಂದ ಕಪ್ಪು ಜನರೂ ತುಂಬಿಕೊಂಡಿದ್ದರು. ಜನ ಬದಲಾದರು, ಭಾಷೆ ಬದಲಾಯಿತು, ದೇವರ ಹೆಸರೂ ಪೂಜೆಯ ವಿಧಾನವೂ ಬದಲಾದುವು. ಆದರೆ ಆ ಕೇರಿಗಳ ಅಪರಾಧದ ಪ್ರಮಾಣವು ಬದಲಾಗಲಿಲ್ಲ. ಅಲ್ಲಿಂದ ಬಿಟ್ಟು ಹೊರವಲಯಗಳಿಗೆ ಹೋದ ಜರ್ಮನರ, ಐರಿಷರ ಮಕ್ಕಳಲ್ಲಿಯಾದರೋ ಅದು ಇಳಿದುಹೋಯಿತು. ರಕ್ತವು ಕಾರಣವಾಗಿದ್ದರೆ ರಕ್ತದ ಜೊತೆಯಲ್ಲಿ ಅಪರಾಧವೂ ಮನೆ ಬದಲಿಸಬೇಕಾಗಿತ್ತಲ್ಲವೆ?

ಎಂದರೆ ಆ ಕೇರಿಗಳಲ್ಲಿ ಇದ್ದುದೇನು? ಬಡತನವಿತ್ತು, ನಿಜ. ಅದಕ್ಕಿಂತಲೂ ಮುಖ್ಯವಾಗಿ, ಅಲ್ಲಿ ನೆಲೆಯಾಗಿ ನಿಲ್ಲುವವರೇ ಇರಲಿಲ್ಲ. ನಾಲ್ಕು ಕಾಸು ಕೂಡಿದೊಡನೆ ಬಿಟ್ಟುಹೋಗುವುದೇ ಎಲ್ಲರ ಆಸೆ. ಪಕ್ಕದ ಮನೆಯವನ ಹೆಸರನ್ನು ತಿಳಿಯುವಷ್ಟರಲ್ಲಿ ಅವನು ಮನೆ ಖಾಲಿ ಮಾಡಿರುತ್ತಿದ್ದನು. ಹೀಗಿರುವಾಗ ಬೀದಿಯಲ್ಲಿ ತಪ್ಪು ಮಾಡುವ ಹುಡುಗನನ್ನು ಕಂಡು, 'ನೀನು ಇಂಥವರ ಮಗನಲ್ಲವೆ?' ಎಂದು ಕೇಳುವವರಾರು? ದೊಡ್ಡ ಹುಡುಗರು ಸಣ್ಣವರಿಗೆ ಕಳ್ಳತನದ ಪಾಠವನ್ನು ಹೇಳಿಕೊಡುತ್ತಿದ್ದರು. ಆ ಪಾಠಶಾಲೆಗೆ ಮಾತ್ರ ರಜೆಯೇ ಇರಲಿಲ್ಲ. ಇವರಿಬ್ಬರ ಗ್ರಂಥವು 1942ರಲ್ಲಿ ಪ್ರಕಟವಾಯಿತು. ಪೋಲೀಸರ ಕಣ್ಣು ಬಡವರ ಕೇರಿಗಳ ಮೇಲೆಯೇ ಹೆಚ್ಚಾಗಿ ಇರುವುದರಿಂದ ಚುಕ್ಕೆಗಳೂ ಅಲ್ಲಿಯೇ ಹೆಚ್ಚು ಬಿದ್ದಿರಬಹುದೆಂಬ ಆಕ್ಷೇಪವನ್ನು ಅನಂತರದವರು ಎತ್ತಿದರು. ಆ ಆಕ್ಷೇಪದಲ್ಲಿ ಸತ್ಯವುಂಟು. ಆದರೂ ಒಂದೇ ಕೇರಿಯಲ್ಲಿ ಜನರು ಬದಲಾದರೂ ಪ್ರಮಾಣವು ಹಾಗೆಯೇ ನಿಂತಿತೆಂಬ ಮೂಲ ಸಂಗತಿಯನ್ನು ಅದು ಅಳಿಸಲಾರದು.

ಅದೇ ನಗರದಲ್ಲಿ 1990ರ ದಶಕದಲ್ಲಿ ರಾಬರ್ಟ್ ಸ್ಯಾಂಪ್ಸನ್ ಮತ್ತು ಅವರ ಸಂಗಡಿಗರು 343 ನೆರೆಹೊರೆಗಳಲ್ಲಿ 8,782 ಮಂದಿಯನ್ನು ಕಂಡು ಮಾತನಾಡಿಸಿದರು. ಅವರು ಕೇಳಿದ ಪ್ರಶ್ನೆಗಳಲ್ಲೊಂದು ಹೀಗಿತ್ತು: ಮಕ್ಕಳು ಶಾಲೆಗೆ ಚಕ್ಕರ್ ಹೊಡೆದು ಬೀದಿಯ ಮೂಲೆಯಲ್ಲಿ ನಿಂತಿದ್ದರೆ ನಿಮ್ಮ ನೆರೆಯವರು ಏನಾದರೂ ಮಾಡುವರೆ? 'ಮಾಡುವರು' ಎಂಬ ಉತ್ತರವು ಹೆಚ್ಚಾಗಿ ಬಂದ ಕೇರಿಗಳಲ್ಲಿ, ಬಡತನವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೂ, ಹೊಡೆದಾಟ ಬಡಿದಾಟಗಳು ಕಡಿಮೆಯಾಗಿದ್ದುವು. ನಮ್ಮ ಹಳೆಯ ಚಾಳುಗಳಲ್ಲಿ ಬೆಳೆದ ಹಿರಿಯರು ಇದನ್ನೋದಿದರೆ ನಗುವರು. ಸಾಮಾನ್ಯ ಗ್ಯಾಲರಿಯಲ್ಲಿ ಕುಳಿತ ಅಜ್ಜಿಯ ಕಣ್ಣು ತಪ್ಪಿಸಿ ಕೆಳಗಿಳಿಯುವುದು ಎಷ್ಟು ಕಷ್ಟವೆಂಬುದು ಅವರಿಗೆ ಗೊತ್ತು. ಚಾಳು ಕೆಡವಿ ಇಪ್ಪತ್ತು ಮಹಡಿಗಳ ಕಟ್ಟಡವು ಎದ್ದ ಮೇಲೆ ಆ ಅಜ್ಜಿಯು ಎಲ್ಲಿ ಕುಳಿತುಕೊಳ್ಳಬೇಕು?

ಷಿಕಾಗೋವಿಗೂ ನಮ್ಮ ನಗರಕ್ಕೂ ಒಂದು ನಂಟೂ ಇದೆ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಓದಿದ ಕ್ಲಿಫರ್ಡ್ ಮ್ಯಾನ್‌ಷಾರ್ಟ್ ಎಂಬವರು 1920ರ ದಶಕದಲ್ಲಿ ಮುಂಬಯಿಗೆ ಬಂದು, ನಾಗಪಾಡಾದಲ್ಲಿ ಬಡವರ ನಡುವೆ ಸೇವಾಗೃಹವೊಂದನ್ನು ನಡೆಸಿದರು. 1936ರಲ್ಲಿ ಟಾಟಾ ಸಂಸ್ಥೆಯವರು ಸಮಾಜಕಾರ್ಯದ ಶಾಲೆಯನ್ನು ತೆರೆದಾಗ ಅದರ ಮೊದಲನೆಯ ನಿರ್ದೇಶಕರಾದವರು ಇವರೇ. ಈಗ ದೇವನಾರಿನಲ್ಲಿರುವ ಟಾಟಾ ಸಮಾಜವಿಜ್ಞಾನ ಸಂಸ್ಥೆಯು ಆ ಶಾಲೆಯಿಂದ ಬೆಳೆದುದು. ಚೆಂಬೂರಿನ ಕಡೆಯಿಂದ ಬರುವ ನಮ್ಮ ವಿದ್ಯಾರ್ಥಿಗಳು ಅದರ ಬಾಗಿಲ ಮುಂದೆ ಎಷ್ಟೋ ಸಲ ಹಾದುಹೋಗಿರಬಹುದು.

ಕೇರಿಯ ಮಾತಾಯಿತು. ಆದರೆ ಒಂದೇ ಕೇರಿಯಲ್ಲಿ ಬೆಳೆದ ಇಬ್ಬರು ಹುಡುಗರಲ್ಲಿ ಒಬ್ಬನು ಕೆಟ್ಟು, ಇನ್ನೊಬ್ಬನು ಏಕೆ ಕೆಡುವುದಿಲ್ಲ? ಇದಕ್ಕೆ ಉತ್ತರವನ್ನು ಅರಸಿದುದು ಇಂಗ್ಲೆಂಡಿನ ಒಂದು ಅಭ್ಯಾಸ. 1961ರಲ್ಲಿ ಡೊನಾಲ್ಡ್ ವೆಸ್ಟ್ ಎಂಬವರು ದಕ್ಷಿಣ ಲಂಡನ್ನಿನ ಕಾರ್ಮಿಕರ ವಸತಿಯಲ್ಲಿ ಎಂಟು ಒಂಬತ್ತು ವರ್ಷದ 411 ಹುಡುಗರನ್ನು ಆರಿಸಿಕೊಂಡರು. ಅಪರಾಧವು ನಡೆದ ಮೇಲೆ ಹಿಂದಿರುಗಿ ನೋಡಿ ಕಾರಣಗಳನ್ನು ಹೇಳುವುದು ಸುಲಭ. ಮೊದಲೇ ಎಲ್ಲವನ್ನೂ ಬರೆದಿಟ್ಟು, ವರ್ಷಗಟ್ಟಲೆ ಕಾದು ನೋಡುವುದು ಕಷ್ಟ. ಇವರು ಎರಡನೆಯದನ್ನು ಮಾಡಿದರು. ಅವರ ತರುವಾಯ ಡೇವಿಡ್ ಫ್ಯಾರಿಂಗ್ಟನ್ ಎಂಬವರು ಇದನ್ನು ಮುಂದುವರಿಸಿ, ಆ ಹುಡುಗರು ನಡುವಯಸ್ಸನ್ನು ದಾಟುವವರೆಗೂ ಅವರನ್ನು ಬಿಡದೆ ಹಿಂಬಾಲಿಸಿದರು.

ಹತ್ತು ವರ್ಷದೊಳಗೆ ಕಂಡ ಯಾವ ಯಾವ ಸಂಗತಿಗಳು ಮುಂದಿನ ಅಪರಾಧವನ್ನು ಸೂಚಿಸಿದುವು? ಮನೆಯ ಬಡತನ, ತಂದೆತಾಯಿಗಳಲ್ಲೊಬ್ಬರಿಗೆ ಅಪರಾಧಕ್ಕಾಗಿ ಶಿಕ್ಷೆಯಾಗಿರುವುದು, ಮಗನು ಎಲ್ಲಿದ್ದಾನೆ, ಯಾರ ಜೊತೆಯಲ್ಲಿದ್ದಾನೆ ಎಂಬುದರ ಮೇಲೆ ಹಿರಿಯರ ನಿಗಾ ಇಲ್ಲದಿರುವುದು, ಒಡಹುಟ್ಟಿದವರು ನಾಲ್ವರು ಅಥವಾ ಹೆಚ್ಚು ಇರುವುದು, ಓದಿನಲ್ಲಿ ಹಿಂದೆ ಬೀಳುವುದು, ಮುಂದುಗಾಣದೆ ದುಡುಕುವ ಸ್ವಭಾವ. ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ 1987ರಲ್ಲಿ ಸುಮಾರು 1,500 ಹುಡುಗರನ್ನು ತೆಗೆದುಕೊಂಡು ಇಂಥದೇ ಅಭ್ಯಾಸವು ಆರಂಭವಾಯಿತು. ಎರಡನ್ನೂ ಹೋಲಿಸಿ 1999ರಲ್ಲಿ ಪ್ರಕಟಿಸಿದಾಗ, ಸಾಗರದ ಈಚೆಗೂ ಆಚೆಗೂ, ಒಂದು ತಲೆಮಾರಿನ ಅಂತರದಲ್ಲಿಯೂ ಸೂಚಕಗಳು ಬಹುಮಟ್ಟಿಗೆ ಅವೇ ಆಗಿದ್ದುದು ಕಂಡುಬಂದಿತು. ನಮ್ಮ ದೇಶಕ್ಕೆ ಇವನ್ನು ಹಾಗೆಹಾಗೆಯೇ ತಂದು ಅಂಟಿಸಬಾರದೆಂದು ನಮ್ಮ ಅಭಿಪ್ರಾಯ. ಲಂಡನ್ನಿನ ಇಕ್ಕಟ್ಟಾದ ಮನೆಯಲ್ಲಿ ತಾಯಿಯೊಬ್ಬಳೇ ಐವರು ಮಕ್ಕಳನ್ನು ನೋಡಿಕೊಳ್ಳುವುದು ಒಂದು. ಅಜ್ಜಿ, ಚಿಕ್ಕಮ್ಮ, ದೊಡ್ಡಪ್ಪಂದಿರು ತುಂಬಿದ ಮನೆಯಲ್ಲಿ ಐವರು ಮಕ್ಕಳಿರುವುದು ಇನ್ನೊಂದು.

ಈಗ ನಮ್ಮ ಹುಡುಗನ ಚೀಲಕ್ಕೆ ಬರೋಣ. ಅವನಲ್ಲಿ ಈ ಸೂಚಕಗಳಲ್ಲಿ ಎರಡು ಮೂರಂತೂ ಇದ್ದುವೆಂದು ನಾವು ಎಣಿಸಿದ್ದೆವು. ಲಂಡನ್ನಿನ ಅಭ್ಯಾಸದಲ್ಲಿ ಇಂಥ ಹಲವು ಸೂಚಕಗಳು ಒಟ್ಟಿಗೆ ಕೂಡಿದ್ದ ಹುಡುಗರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿಗೆ, ಅವರಿಗೆ ಮೂವತ್ತೆರಡು ವರ್ಷ ತುಂಬುವುದರೊಳಗೆ ಒಮ್ಮೆಯಾದರೂ ಶಿಕ್ಷೆಯಾಯಿತು. ಇದನ್ನು ಓದಿದಾಗ ನಮಗೆ ಒಂದು ಕ್ಷಣ, ನಾವು ಮಾಡಿದುದೇ ಸರಿಯೇನೋ ಎನಿಸಿತು. ಆದರೆ ಲೆಕ್ಕವನ್ನು ನಿಧಾನವಾಗಿ ನೋಡಿರಿ. ಮೊದಲನೆಯದಾಗಿ, ಉಳಿದ ಕಾಲು ಪಾಲು ಮಂದಿ ಯಾರೆಂಬುದನ್ನು ಆ ಸೂಚಕಗಳು ಹೇಳಲಾರವು. ಎರಡನೆಯದಾಗಿ, ಇಪ್ಪತ್ತೆರಡು ವರ್ಷಗಳ ಅವಧಿಯಲ್ಲಿ ಎಂದಾದರೊಮ್ಮೆ ತಪ್ಪು ಮಾಡುವುದೆಂದರೆ, ಈ ಮಂಗಳವಾರ ಮೂರನೆಯ ತಾಸಿನಲ್ಲಿ ಈ ಕೈಗಡಿಯಾರವನ್ನು ಕದಿಯುವುದೆಂದಲ್ಲ. ಮಳೆಗಾಲದಲ್ಲಿ ಮಳೆ ಬರುವುದೆಂದು ತಿಳಿದಿದ್ದ ಮಾತ್ರಕ್ಕೆ, ನೆಲ ಒದ್ದೆಯಾಗಿದ್ದಾಗಲೆಲ್ಲ ಮಳೆಯೇ ಬಂದಿದೆಯೆನ್ನಲಾದೀತೆ? ಕೊಡ ಉರುಳಿರಬಹುದು.

ಮೂರನೆಯದು ಎಲ್ಲಕ್ಕಿಂತ ಕಹಿಯಾದುದು. ಅದೇ ಅಭ್ಯಾಸದ ಒಂದು ಭಾಗವನ್ನು 1977ರಲ್ಲಿ ಪ್ರಕಟಿಸಿದಾಗ ಫ್ಯಾರಿಂಗ್ಟನ್ನರು ಹೀಗೆ ತೋರಿಸಿಕೊಟ್ಟರು: ಹದಿನಾಲ್ಕರಿಂದ ಹದಿನೆಂಟು ವರ್ಷದೊಳಗೆ ನ್ಯಾಯಾಲಯದಲ್ಲಿ ಮೊದಲ ಸಲ ತಪ್ಪಿತಸ್ಥರೆನಿಸಿಕೊಂಡ ಹುಡುಗರು, ಅನಂತರದಲ್ಲಿ ತಾವೇ ಒಪ್ಪಿಕೊಂಡಂತೆ, ಹಿಂದಿಗಿಂತ ಹೆಚ್ಚು ತಪ್ಪುಗಳನ್ನು ಮಾಡತೊಡಗಿದರು. ಅವರಂತೆಯೇ ಇದ್ದು ಸಿಕ್ಕಿಬೀಳದೆ ಉಳಿದವರಲ್ಲಿ ಹಾಗಾಗಲಿಲ್ಲ. ಎಂದರೆ ಎಲ್ಲರೆದುರಿಗೆ ಹಣೆಗೆ ಹಚ್ಚಿದ ಹೆಸರು ತಾನೂ ಒಂದು ಅಪಾಯಸೂಚಕವೇ! ಬೇರೆ ಸೂಚಕಗಳನ್ನು ಮನೆಯವರೂ ಕೇರಿಯವರೂ ಕೊಟ್ಟಿದ್ದರೆ, ಇದನ್ನು ಕೊಡುವವರು ಪೋಲೀಸರು, ನ್ಯಾಯಾಧೀಶರು. ಚೀಲ ತೆರೆಸುವ ಉಪಾಧ್ಯಾಯರನ್ನೂ ಆ ಸಾಲಿನಲ್ಲಿ ಸೇರಿಸಬೇಕೆಂದು ನಮಗೆ ತೋರುತ್ತದೆ.

ಅಂಕಿಸಂಖ್ಯೆಗಳು ಹೇಗೆ ದಾರಿ ತಪ್ಪಿಸುತ್ತವೆಂಬುದಕ್ಕೆ ನಮ್ಮ ದೇಶದಿಂದಲೂ ಒಂದು ಉದಾಹರಣೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2015, 2016ರ ವರದಿಗಳಂತೆ, ಪೋಲೀಸರು ಹಿಡಿದ ಮಕ್ಕಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ತಂದೆತಾಯಿಗಳೊಡನೆ ಇದ್ದವರೇ. ಇದನ್ನು ಮುಂದಿಟ್ಟುಕೊಂಡು, 'ಮನೆಯಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ' ಎನ್ನುವವರುಂಟು. ಆದರೆ ದೇಶದ ಎಲ್ಲ ಮಕ್ಕಳಲ್ಲಿ ಬಹು ದೊಡ್ಡ ಪಾಲಿನವರು ತಂದೆತಾಯಿಗಳ ಜೊತೆಯಲ್ಲಿಯೇ ಇರುವುದರಿಂದ, ಹಿಡಿಯಲ್ಪಟ್ಟವರಲ್ಲಿಯೂ ಅವರೇ ಹೆಚ್ಚಾಗಿರುವುದು ಸಹಜ. ಷಾ ಮತ್ತು ಮೆಕೇ ಅವರು ಚುಕ್ಕೆಗಳನ್ನಷ್ಟೇ ಎಣಿಸದೆ ಒಟ್ಟು ಹುಡುಗರ ಸಂಖ್ಯೆಯಿಂದ ಭಾಗಿಸಿದುದೇಕೆಂಬುದು ಈಗ ತಿಳಿಯಿತಷ್ಟೆ. ಗಣಿತದ ಪಾಠವನ್ನು ಗಣಿತದ ತಾಸಿನಲ್ಲಿಯೇ ಬಿಟ್ಟುಬರುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಇನ್ನು ಕೆಡುವವರಾದರೂ ಎಷ್ಟು ಕಾಲ ಕೆಟ್ಟಿರುತ್ತಾರೆ? ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ 1945ರಲ್ಲಿ ಹುಟ್ಟಿದ 9,945 ಹುಡುಗರ ಲೆಕ್ಕವನ್ನು ತೆಗೆದಾಗ, ಮೂರರಲ್ಲಿ ಒಬ್ಬನಿಗಿಂತ ತುಸು ಹೆಚ್ಚು ಮಂದಿಯ ಹೆಸರು ಪೋಲೀಸರ ಪುಸ್ತಕದಲ್ಲಿ ಒಮ್ಮೆಯಾದರೂ ಬಂದಿದ್ದಿತು. ಆದರೆ ಒಟ್ಟು ಅಪರಾಧಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನೂರಕ್ಕೆ ಆರು ಮಂದಿಯಿಂದಲೇ ಆದುವು. ಲಂಡನ್ನಿನಲ್ಲಿ ಅಪರಾಧವು ಹದಿನೇಳನೆಯ ವಯಸ್ಸಿನಲ್ಲಿ ತುತ್ತತುದಿಗೇರಿ ಅನಂತರ ಇಳಿದುಹೋಯಿತು. ನ್ಯೂಜಿಲೆಂಡಿನ ಡ್ಯುನೆಡಿನ್ ಪಟ್ಟಣದಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಅಭ್ಯಸಿಸಿದವರಲ್ಲೊಬ್ಬರಾದ ಟೆರಿ ಮಾಫಿಟ್ ಎಂಬ ವಿದುಷಿಯು 1993ರಲ್ಲಿ ಇದನ್ನು ಬಿಡಿಸಿ ಹೇಳಿದರು: ಚಿಕ್ಕಂದಿನಿಂದಲೇ ತೊಂದರೆಯಲ್ಲಿದ್ದು ಬಹುಕಾಲ ಹಾಗೆಯೇ ಉಳಿಯುವವರು ಕೆಲವರೇ, ಹದಿವಯಸ್ಸಿನಲ್ಲಿ ದಾರಿ ತಪ್ಪಿ, ಪ್ರಾಯ ಬಂದಂತೆ ತಾವಾಗಿಯೇ ಸರಿಹೋಗುವವರು ಹಲವರು. ಈ ಹಲವರನ್ನು ಆ ಕೆಲವರೆಂದು ತಿಳಿದುಬಿಟ್ಟರೆ ಅನರ್ಥವಾಗುತ್ತದೆ.

ಹಾಗಾದರೆ ಒಳ್ಳೆಯ ಮನಸ್ಸಿನಿಂದ ಮಾಡಿದ ಸಹಾಯವೆಲ್ಲ ಒಳ್ಳೆಯದನ್ನೇ ಮಾಡುವುದೆ? ಇಲ್ಲಿ ಓದುಗರು ಆಶ್ಚರ್ಯಪಡುವಂಥ ಒಂದು ಕಥೆಯಿದೆ. 1939ರಿಂದ 1945ರವರೆಗೆ ಅಮೆರಿಕದ ಬಾಸ್ಟನ್ ಸಮೀಪದ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಎಂಬ ಊರುಗಳಲ್ಲಿ 506 ಹುಡುಗರನ್ನು ಜೋಡಿಜೋಡಿಯಾಗಿ ಆರಿಸಿ, ಪ್ರತಿ ಜೋಡಿಯಲ್ಲಿ ಒಬ್ಬನಿಗೆ ಮಾತ್ರ ಸಲಹೆಗಾರರ ಭೇಟಿ, ಪಾಠದಲ್ಲಿ ನೆರವು, ವೈದ್ಯಸಹಾಯ, ಬೇಸಗೆಯ ಶಿಬಿರ ಇವೆಲ್ಲವನ್ನೂ ವರ್ಷಗಟ್ಟಲೆ ಒದಗಿಸಿದರು. ಮೂವತ್ತು ವರ್ಷಗಳ ಬಳಿಕ ಜೋನ್ ಮೆಕಾರ್ಡ್ ಎಂಬ ವಿದುಷಿಯು ಅವರನ್ನು ಹುಡುಕಿದಾಗ, ಸಹಾಯವನ್ನು ಪಡೆದವರಲ್ಲಿ ಮೂರರಲ್ಲಿ ಎರಡು ಪಾಲು ಮಂದಿ ಅದರಿಂದ ತಮಗೆ ಉಪಕಾರವಾಯಿತೆಂದೇ ಹೇಳಿದರು. ಆದರೆ ದಾಖಲೆಗಳನ್ನು ತೆರೆದು ನೋಡಿದರೆ, ಸಹಾಯ ಪಡೆದವರೇ ಪಡೆಯದವರಿಗಿಂತ ಕೆಲವು ವಿಷಯಗಳಲ್ಲಿ ಕೆಟ್ಟ ಸ್ಥಿತಿಯಲ್ಲಿದ್ದರು! ಬೇಸಗೆಯ ಶಿಬಿರಗಳಿಗೆ ಮತ್ತೆ ಮತ್ತೆ ಹೋದವರಲ್ಲಿ ಕೇಡು ಹೆಚ್ಚಾಗಿದ್ದಿತೆಂದು ಅನಂತರ ಗೊತ್ತಾಯಿತು. ತುಂಟ ಹುಡುಗರನ್ನು ಒಂದೆಡೆ ಸೇರಿಸಿದರೆ ಅವರು ಕಲಿಯುವುದು ಪರಸ್ಪರರಿಂದಲೇ. ಅದೇ ದೇಶದ ನ್ಯೂಜರ್ಸಿಯಲ್ಲಿ 1970ರ ದಶಕದಲ್ಲಿ ಹುಡುಗರನ್ನು ಸೆರೆಮನೆಗೆ ಕರೆದೊಯ್ದು ಜೀವಾವಧಿ ಕೈದಿಗಳಿಂದ ಗದರಿಸಿ ಹೆದರಿಸುವ ಉಪಾಯವನ್ನು ಹೂಡಿದರು. ಅದರ ಚಲಚ್ಚಿತ್ರವು ಬಹಳ ಹೆಸರು ಮಾಡಿತು. ಪರೀಕ್ಷಿಸಿ ನೋಡಿದಾಗ, ಹೆದರಿಸಲ್ಪಟ್ಟವರು ಹೆದರಿಸದೆ ಬಿಟ್ಟವರಿಗಿಂತ ಹೆಚ್ಚಾಗಿಯೇ ತಪ್ಪು ಮಾಡಿದರು. ಹೆದರಿಕೆಯಿಂದ ಎಲ್ಲವೂ ಸರಿಹೋಗುವುದೆಂದು ನಂಬಿದ ಉಪಾಧ್ಯಾಯರು ನಮ್ಮಲ್ಲಿ ಇನ್ನೂ ಇದ್ದಾರೆ. ನಾವೂ ಕೆಲಕಾಲ ಹಾಗೆ ನಂಬಿದ್ದವರೇ.

ಫಲ ಕೊಟ್ಟ ಪ್ರಯೋಗಗಳೂ ಇವೆ. ಮಿಷಿಗನ್ ಪ್ರಾಂತದ ಇಪ್ಸಿಲಾಂಟಿಯಲ್ಲಿ 1962ರಿಂದ 1967ರವರೆಗೆ ಬಡ ಕಪ್ಪು ಕುಟುಂಬಗಳ 123 ಮಕ್ಕಳಲ್ಲಿ 58 ಮಂದಿಗೆ ಮೂರು ನಾಲ್ಕು ವರ್ಷದ ಎಳವೆಯಲ್ಲಿಯೇ ಒಳ್ಳೆಯ ಶಿಶುವಿಹಾರವನ್ನು ನಡೆಸಿ, ವಾರಕ್ಕೊಮ್ಮೆ ಶಿಕ್ಷಕಿಯರು ಅವರವರ ಮನೆಗೂ ಹೋಗಿಬರುತ್ತಿದ್ದರು. ಆ ಮಕ್ಕಳಿಗೆ ನಲವತ್ತು ವರ್ಷವಾಗುವ ವೇಳೆಗೆ ಐದು ಸಲ ಅಥವಾ ಅದಕ್ಕಿಂತ ಹೆಚ್ಚಾಗಿ ಬಂಧನಕ್ಕೊಳಗಾದವರು ಇವರಲ್ಲಿ ನೂರಕ್ಕೆ 36, ಶಿಶುವಿಹಾರಕ್ಕೆ ಹೋಗದವರಲ್ಲಿ ನೂರಕ್ಕೆ 55. ಆ ಶಾಲೆಯಲ್ಲಿ ಅಪರಾಧದ ವಿಷಯವಾಗಿ ಒಂದು ಮಾತನ್ನೂ ಹೇಳಿರಲಿಲ್ಲವೆಂಬುದು ಸ್ವಾರಸ್ಯ. ಮರಳು, ಗೊಂಬೆ, ಬಣ್ಣ, ಮಾತು, ಇಷ್ಟೇ.

ಕೊನೆಯದಾಗಿ ಒಂದು ದ್ವೀಪದ ಸಂಗತಿಯನ್ನು ಹೇಳಬೇಕು. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಶಿಶುಗಳನ್ನು ಎಮಿ ವರ್ನರ್ ಮತ್ತು ರೂತ್ ಸ್ಮಿತ್ ಎಂಬಿಬ್ಬರು ನಲವತ್ತು ವರ್ಷಗಳ ತನಕ ಗಮನಿಸುತ್ತ ಬಂದರು. ಆ ದ್ವೀಪದ ಕಬ್ಬಿನ ತೋಟಗಳಿಗೆ ದುಡಿಯಲೆಂದು ಜಪಾನಿನಿಂದಲೂ ಫಿಲಿಪ್ಪೈನ್ಸಿನಿಂದಲೂ ವಲಸೆ ಬಂದವರ ಸಂತತಿಯೇ ಅಲ್ಲಿ ಹೆಚ್ಚು. ಈ ಮಕ್ಕಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಬಡತನ, ಮನೆಯ ಜಗಳ, ತಂದೆಯ ಕುಡಿತ, ತಾಯಿಯ ಕಾಯಿಲೆ ಮೊದಲಾದ ಹಲವು ಕಷ್ಟಗಳನ್ನು ಒಟ್ಟಿಗೆ ಹೊತ್ತುಕೊಂಡೇ ಬೆಳೆದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಮಂದಿ ಹದಿನೆಂಟರೊಳಗೆ ಓದಿನಲ್ಲಿಯೋ ನಡತೆಯಲ್ಲಿಯೋ ತೊಡಕಿಗೆ ಸಿಲುಕಿದರು. ಉಳಿದ ಮೂರನೆಯ ಒಂದು ಪಾಲು, 72 ಮಂದಿ, ಯಾವ ಕೆಡುಕಿಗೂ ಸಿಲುಕದೆ ಒಳ್ಳೆಯ ಮನುಷ್ಯರಾಗಿ ಬೆಳೆದರು. ತೊಡಕಿಗೆ ಸಿಲುಕಿದವರಲ್ಲಿಯೂ ಅನೇಕರು ಮೂವತ್ತು ದಾಟುವಷ್ಟರಲ್ಲಿ ಚೇತರಿಸಿಕೊಂಡರು. ಆ 72 ಮಂದಿಯ ಬಾಳಿನಲ್ಲಿ ಏನಿತ್ತೆಂದು ಹುಡುಕಿದಾಗ, ಅವರವರ ಸ್ವಭಾವದ ಗುಣಗಳ ಜೊತೆಯಲ್ಲಿ ಇನ್ನೊಂದು ಕಂಡಿತು: ಅವರನ್ನು ಬಿಡದೆ ಹಿಡಿದುಕೊಂಡ ಹಿರಿಯರೊಬ್ಬರು. ತಂದೆತಾಯಿಗಳೇ ಆಗಬೇಕೆಂದಿರಲಿಲ್ಲ, ಅಜ್ಜಿಯೋ, ಅತ್ತೆಯೋ, ನೆರೆಯವರೋ, ಶಾಲೆಯ ಒಬ್ಬ ಉಪಾಧ್ಯಾಯರೋ ಆಗಿದ್ದರು.

ಇದನ್ನೋದುವಾಗ ನಮಗೆ ಈ ನಗರದ ಹಳೆಯ ಕನ್ನಡ ರಾತ್ರಿಶಾಲೆಗಳು ನೆನಪಾದುವು. ಹತ್ತು ಹನ್ನೆರಡು ವರ್ಷಕ್ಕೇ ದಕ್ಷಿಣ ಕನ್ನಡದಿಂದ ಒಬ್ಬಂಟಿಗರಾಗಿ ಬಂದು, ಹಗಲೆಲ್ಲ ಹೋಟೆಲಿನಲ್ಲಿ ಬಟ್ಟಲು ತೊಳೆದು, ರಾತ್ರಿ ಪುಸ್ತಕ ಹಿಡಿದ ಹುಡುಗರೆಷ್ಟೋ ಮಂದಿ. ಎಳೆಯರನ್ನು ಹಾಗೆ ದುಡಿಸಿದುದು ಒಳ್ಳೆಯದೆಂದು ನಾವು ಹೇಳುತ್ತಿಲ್ಲ, ಅದು ಸಲ್ಲದು. ಆದರೆ ಲಂಡನ್ನಿನವರ ಪಟ್ಟಿಯನ್ನು ಹಿಡಿದು ನೋಡಿದರೆ ಆ ಹುಡುಗರಲ್ಲಿ ಕೂಡದಿದ್ದ ಅಪಾಯಸೂಚಕಗಳೇ ಕಡಿಮೆ. ಅವರಲ್ಲಿ ಕೆಲವರು ಇಂದು ಮೊಮ್ಮಕ್ಕಳ ಕೈಹಿಡಿದು ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಬಂದು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಾರೆ. ಮಾತಿಗೆ ಕುಳಿತರೆ ಅವರು ಮೊದಲು ಹೇಳುವುದು ಯಾವನೋ ಒಬ್ಬ ಮಾಸ್ತರರ ಹೆಸರನ್ನು, ಇಲ್ಲವೆ ತಡವಾಗಿ ಬಂದರೆ 'ಎಲ್ಲಿಗೆ ಹೋಗಿದ್ದಿ?' ಎಂದು ಗದರುತ್ತಿದ್ದ ಅಡುಗೆಭಟ್ಟರೊಬ್ಬರ ಹೆಸರನ್ನು.

ಐದನೆಯ ದಿನ ಸಂಜೆ ನಾವು ಆ ಹುಡುಗನ ಮನೆಯನ್ನು ಹುಡುಕಿಕೊಂಡು ಹೋದೆವು. ಆತನ ತಾಯಿಯು ಕಲಬುರಗಿಯ ಕಡೆಯವರು. ನಾಲ್ಕು ಮನೆಗಳ ಪಾತ್ರೆ ಬಟ್ಟೆಗಳ ಕೆಲಸವನ್ನು ಮುಗಿಸಿ ಆಗ ತಾನೇ ಬಂದಿದ್ದರು. ನಡೆದುದನ್ನು ನಾವು ಹೇಳಿದಾಗ ಆಕೆ ತುಸು ಹೊತ್ತು ಸುಮ್ಮನಿದ್ದು, "ನಂಗೇನೂ ಹೇಳೇ ಇಲ್ರೀ ಸರ, ಹೊಟ್ಟಿ ನೋಯಾಕತ್ತೈತಿ ಅಂತ ಮಲಗಿದ್ದ" ಎಂದರು. ನಾವು ಕುಳಿತಿದ್ದಷ್ಟು ಹೊತ್ತೂ ಹುಡುಗನು ಬಾಗಿಲ ಹೊರಗೆ ಹಳಿಯ ಕಡೆಗೆ ನೋಡುತ್ತ ನಿಂತಿದ್ದನು. ಮರುದಿನ ತರಗತಿಯ ಮುಂದೆ ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಆತನು ಈಗ ಹತ್ತನೆಯ ತರಗತಿಯಲ್ಲಿದ್ದಾನೆ. ಬೀಜಗಣಿತದಲ್ಲಿ ಚೆನ್ನಾಗಿದ್ದಾನೆ, ನಮ್ಮೊಡನೆ ಮಾತನ್ನೂ ಆಡುತ್ತಾನೆ. ಆದರೆ ತರಗತಿಯಲ್ಲಿ ಪೆನ್ನೋ ಕಂಪಾಸು ಪೆಟ್ಟಿಗೆಯೋ ಕಾಣೆಯಾಯಿತೆಂಬ ಮಾತು ಬಂದೊಡನೆ, ಯಾರೂ ಕೇಳದೆ ಇದ್ದರೂ, ತನ್ನ ಚೀಲವನ್ನು ತೆಗೆದು ಬೆಂಚಿನ ಮೇಲೆ ತೆರೆದಿಡುತ್ತಾನೆ.